ಆಟ ನಿಂತ ಮೇಲೆ ಏನು ಮಾಡೋದು?
(ಮಾಸ್ತರಿಗೆ ಕೇಳಿ: ವಿಜಯಪುರದ ನಿವೃತ್ತ ಪಿ.ಟಿ. ಮಾಸ್ತರರ ಉತ್ತರಗಳು)

ಪ್ರಶ್ನೆ: ಸರ್, ನನ್ನ ತಮ್ಮ ಯೂನಿವರ್ಸಿಟಿ ತಂಡದಲ್ಲಿ ಕಬಡ್ಡಿ ಆಡಿದವನು. ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಳೆಯ ಆಟಗಾರರು ಸ್ಕೌಟ್ ಆಗಿ, ಊರೂರು ತಿರುಗಿ ಹುಡುಗರನ್ನು ಆರಿಸ್ತಾರಂತೆ. ತಾನೂ ಅದೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಇದರಿಂದ ಹೊಟ್ಟೆ ತುಂಬುತ್ತಾ?
– ಒಬ್ಬ ಅಕ್ಕ, ಮುಧೋಳ

ಉತ್ತರ: ತಂಗೀ, ಹ್ಯೂ ಅಲೆಕ್ಸಾಂಡರ್ ಅಂತ ಒಬ್ಬನಿದ್ದ. 1937ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆಡಿದ್ದು ಏಳೇ ಪಂದ್ಯ. ಅದೇ ವರ್ಷ ಎಣ್ಣೆ ಬಾವಿಯ ಕೆಲಸದಲ್ಲಿ ಎಡಗೈ ಹೋಯಿತು. ಆಗಿನ್ನೂ 20 ವಯಸ್ಸು. ಅದೇ ತಂಡ ಅವನನ್ನು ಸ್ಕೌಟ್ ಮಾಡಿಕೊಂಡಿತು. ಮುಂದೆ ಬದುಕೆಲ್ಲ ಅದೇ ಕೆಲಸ. 324 ಪಂದ್ಯ ಗೆದ್ದ ಪಿಚರ್ (ಚೆಂಡು ಎಸೆಯುವವನು) ಡಾನ್ ಸಟನ್‌ನನ್ನು ಹುಡುಕಿ ತಂದವನು ಇವನೇ.

ಇಂಥವನ ಕೈಯಿಂದಲೂ ಒಬ್ಬ ತಪ್ಪಿಹೋದ. ಒಕ್ಲಹೋಮಾದ ಒಂದು ಶಾಲೆಗೆ ಹೋಗಿ ಮಿಕ್ಕಿ ಮ್ಯಾಂಟಲ್ ಎಂಬ ಹುಡುಗನ ಬಗ್ಗೆ ವಿಚಾರಿಸಿದ. ಹೆಡ್‌ಮಾಸ್ತರು, ನಮ್ಮಲ್ಲಿ ಬೇಸ್‌ಬಾಲ್ ತಂಡವೇ ಇಲ್ಲ, ಆ ಹುಡುಗನ ಕಾಲೂ ಸರಿಯಿಲ್ಲ ಅಂದರಂತೆ. ಹುಡುಗನ ಮುಖವನ್ನೂ ನೋಡದೆ, ಹೆಸರು ಬರೆದ ಚೀಟಿ ಎಸೆದು ಹೊರಟುಬಿಟ್ಟ. 1949ರಲ್ಲಿ ಯಾಂಕೀಸ್ ತಂಡದ ಸ್ಕೌಟ್ ಅದೇ ಹುಡುಗನಿಂದ ಸಹಿ ಹಾಕಿಸಿಕೊಂಡ. ಮ್ಯಾಂಟಲ್ ಮುಂದೆ ಹೊಡೆದದ್ದು 536 ಹೋಮ್ ರನ್, ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದಂಗೆ! ನಿನ್ನ ತಮ್ಮನಿಗೆ ಇದನ್ನು ಹೇಳು. ಯಾರೋ ಹೇಳಿದ್ದನ್ನು ಕೇಳಿ ಬರೋದಲ್ಲ, ಮೈದಾನದಲ್ಲಿ ಕೂತು ಕಣ್ಣಾರೆ ನೋಡಬೇಕು.

ನೋಡೋದು ಹೇಗೆ ಅನ್ನೋದೇ ಇಲ್ಲಿ ವಿದ್ಯೆ. ಬೇಸ್‌ಬಾಲ್ ಸ್ಕೌಟ್ ಸ್ಟಾಪ್‌ವಾಚ್, ಎಸೆತದ ವೇಗ ಅಳೆಯುವ ರಾಡಾರ್ ಗನ್ ಹಿಡಿದು ಕೂರ್ತಾನೆ. ಹೊಡೆತ, ತೋಳ್ಬಲ, ಓಟ ಹೀಗೆ ಒಂದೊಂದಕ್ಕೂ 20ರಿಂದ 80ರ ಒಳಗೆ ಅಂಕ. ಅದೂ ಎರಡೆರಡು: ಈಗ ಎಷ್ಟಿದೆ, ಮುಂದೆ ಎಷ್ಟಾಗಬಹುದು. ನಮ್ಮವರು ಆ ಎರಡನೇ ಅಂಕ ಹಾಕೋದೇ ಇಲ್ಲ. ತಾಲೂಕು ಮಟ್ಟದ ಕಬಡ್ಡಿಯಲ್ಲಿ ಬೇಗ ಮೀಸೆ ಬಂದ ಹುಡುಗ ಮೈಬಲದ ಮೇಲೆ ಪಾಯಿಂಟ್ ತರ್ತಾನೆ, ಎಲ್ಲರೂ ಅವನನ್ನೇ ಆರಿಸ್ತಾರೆ. ನಾನು ನೋಡ್ತಿದ್ದದ್ದು ಸಣಕಲು ಹುಡುಗನ ಕಾಲು. ಬೋನಸ್ ಗೆರೆ ದಾಟಿಸಿ ಒಂದು ಕಾಲು ಊರಿದಾಗ ಹಿಂದಿನ ಕಾಲು ಪೂರ್ತಿ ನೆಲ ಬಿಟ್ಟಿದೆಯಾ? ಆಗಲೂ ಸೊಂಟ ಅಲುಗದೆ ಹಾಗೇ ವಾಪಸ್ ತಿರುಗ್ತಾನಾ? ಮೈ ಆಮೇಲೆ ಬೆಳೆಯುತ್ತೆ, ಈ ಸಮತೋಲ ಬರೋದು ಕಷ್ಟ.

ಇನ್ನು ಹೊಟ್ಟೆಪಾಡು. ಬರೀ ಇದನ್ನೇ ನಂಬಿಕೊಂಡರೆ ನಮ್ಮ ಕಡೆ ನಡೆಯಲ್ಲವ್ವಾ. ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು ನಿಜ, ಆದರೆ ಅಲ್ಲಿ ಇಂಥ ಕೆಲಸ ಬೆರಳೆಣಿಕೆಯಷ್ಟು. ಅಮೆರಿಕದಲ್ಲೂ ಎಲ್ಲರಿಗೂ ಸಂಬಳ ಇಲ್ಲ. ‘ಬರ್ಡ್ ಡಾಗ್’ ಅಂತ ಇರ್ತಾರೆ, ಸುಳಿವು ಕೊಡೋರು. ಸಿಕ್ಕರೆ ಅಷ್ಟೋ ಇಷ್ಟೋ ದುಡ್ಡು, ಇಲ್ಲಾಂದ್ರೆ ಸ್ವಂತ ಪೆಟ್ರೋಲು. ಹಾಗಾಗಿ ನಿನ್ನ ತಮ್ಮ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಲಿ, ಇಲ್ಲವೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಕಲಿಯಲಿ. ದೈಹಿಕ ಪರೀಕ್ಷೆ ಇರುವುದುಂಟು, ಮೊಣಕಾಲನ್ನು ಡಾಕ್ಟರಿಗೆ ತೋರಿಸಿಯೇ ಅರ್ಜಿ ಹಾಕಲಿ. ಅಲ್ಲಿವರೆಗೆ ಸುಮ್ನೆ ಮನೇಲಿ ಕೂರೋದು ಬೇಡ. ಜಮಖಂಡಿ, ರಬಕವಿ ಕಡೆ ಜಾತ್ರೆಯ ಕಬಡ್ಡಿಗೆ ಹೋಗಿ, ನೋಟ್‌ಬುಕ್‌ನಲ್ಲಿ ಎರಡೂ ಅಂಕ ಬರೆಯಲಿ. ಎರಡು ವರ್ಷ ಬಿಟ್ಟು ಅದೇ ಹುಡುಗರನ್ನು ಮತ್ತೆ ನೋಡಲಿ. ತನ್ನ ಕಣ್ಣು ಎಷ್ಟರದ್ದು ಅಂತ ಆಗ ಅವನಿಗೇ ತಿಳಿಯುತ್ತೆ.

ಪ್ರಶ್ನೆ: ಬೇಸ್‌ಬಾಲ್‌ಗೆ ನಮ್ಮ ದೇಶದವರು ಯಾರಾದರೂ ಆಯ್ಕೆಯಾಗಿದ್ದಾರಾ?
– ಕಾಲೇಜು ವಿದ್ಯಾರ್ಥಿ, ಇಂಡಿ

ಉತ್ತರ: ಆಗಿದ್ದಾರೆ. 2008ರಲ್ಲಿ ವೇಗದ ಎಸೆತದ ಸ್ಪರ್ಧೆಯೊಂದು ನಡೆಯಿತು. ಅದರಿಂದ ಬೆಳಕಿಗೆ ಬಂದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನು ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಅಲ್ಲಿನ ಅತಿ ದೊಡ್ಡ ಮಟ್ಟದ ಮೇಜರ್ ಲೀಗ್‌ವರೆಗೆ ಹೋಗಲಿಲ್ಲ. ರಿಂಕು ಆಮೇಲೆ ಡಬ್ಲ್ಯುಡಬ್ಲ್ಯುಇ ಅನ್ನೋ ಅಮೆರಿಕದ ಪ್ರದರ್ಶನದ ಕುಸ್ತಿಗೆ ಹೋದ. ಅದನ್ನು ಕುಸ್ತಿ ಅಂದರೆ ನಮ್ಮ ಬೆಳಗಾವಿ ಪೈಲ್ವಾನರು ಒಪ್ಪಲ್ಲ, ಬಿಡು.