ಕೇಳಿ, ಹೇಳುತ್ತೇನೆ: ಈ ತಿಂಗಳು ಬರೀ ಸೂರಕ್ಕಿ

ಕಳೆದ ಸಂಚಿಕೆಯಲ್ಲಿ ಬದಿಯಡ್ಕದ ನಮ್ಮ ತೋಟದ ಸೂರಕ್ಕಿಯ (ಹೂಜೇನು ಹೀರುವ ಪುಟ್ಟ ಹಕ್ಕಿ, ಇಂಗ್ಲಿಷಿನಲ್ಲಿ ಸನ್‌ಬರ್ಡ್) ಚಿತ್ರ ಬಂದಿತ್ತಲ್ಲ, ಅದಾದ ಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಕಾಗದ ಬಂತು, ವಾಟ್ಸಾಪ್ ಬಂತು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಪಾಯಸ ಬರುವ ಮೊದಲು ಒಂದು ಪ್ರಶ್ನೆ ಕೇಳಿ ಮುಗಿಸಿದರು. ಹಾಗಾಗಿ ಈ ತಿಂಗಳು ಉಳಿದ ಹಕ್ಕಿಗಳಿಗೆ ರಜೆ.

ಟೀಚರೇ, ನಮ್ಮ ಜಗಲಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ತುದಿಗೆ ಪುಟ್ಟ ಹಕ್ಕಿಯೊಂದು ಗೂಡು ಕಟ್ಟುತ್ತಿದೆ. ನೋಡಿದರೆ ಗೂಡೋ ಕಸವೋ ಗೊತ್ತಾಗುವುದಿಲ್ಲ. ಮಗನ ಉಪನಯನ ಹತ್ತಿರ ಬಂತು. ಗೋಡೆಗೆ ಬಣ್ಣ ಆಗಬೇಕು, ಚಪ್ಪರ ಹಾಕಬೇಕು. ಗೂಡನ್ನು ಹಾಗೇ ಬಿಚ್ಚಿ ಅಂಗಳದ ಪೇರಳೆ ಗಿಡಕ್ಕೆ ಕಟ್ಟಿದರೆ ಆದೀತೇ? ಅತ್ತೆ ಬೇಡ ಅನ್ನುತ್ತಾರೆ.
— ಗೃಹಿಣಿ, ಪೆರ್ಲ

ಅತ್ತೆ ಹೇಳಿದ್ದೇ ಸರಿ. ಗೂಡಿನ ಜಾಗ ಬದಲಾದರೆ ತಾಯಿಹಕ್ಕಿ ಹಳೇ ಜಾಗಕ್ಕೇ ಬಂದು ಹುಡುಕುತ್ತದೆ. ಸಿಗದಿದ್ದರೆ ಬಿಟ್ಟು ಹೋಗುವ ಸಂಭವವೇ ಜಾಸ್ತಿ. ಮೊಟ್ಟೆ ಇದ್ದರಂತೂ ಮುಗಿಯಿತು.

ಕಸದ ಹಾಗೆ ಕಾಣುವುದೇ ಆ ಗೂಡಿನ ಜಾಣತನ. ಒಣ ಎಲೆಯ ಚೂರು, ತೊಗಟೆಯ ಸಿಪ್ಪೆ, ಹುಲ್ಲಿನ ಎಳೆ, ಕಂಬಳಿಹುಳದ ಹಿಕ್ಕೆ ಕೂಡ ಹೊರಗೆ ಅಂಟಿಸಿರುತ್ತದೆ. ಇಷ್ಟನ್ನೆಲ್ಲ ಹಿಡಿದಿಡುವುದು ಜೇಡರ ಬಲೆ. ನಿಮ್ಮ ಜಗಲಿಯ ಪಕ್ಕಾಸಿನ ಮೂಲೆಯನ್ನು ಒಮ್ಮೆ ಗಮನಿಸಿ. ಹೆಣ್ಣುಹಕ್ಕಿ ಅಲ್ಲಿ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು, ಕೊಕ್ಕಿನಿಂದ ಬಲೆಯನ್ನು ಎಳೆದು ತರುತ್ತದೆ. ಮೊದಲು ಹಗ್ಗಕ್ಕೆ ಸುತ್ತುತ್ತದೆ. ಆಮೇಲೆ ಕೆಳಗೆ ಜೋತುಬಿಡುತ್ತದೆ. ಸ್ವಲ್ಪ ಉದ್ದವಾದ ಮೇಲೆ ಒಳಗೆ ನುಗ್ಗಿ, ಎದೆಯಿಂದ ಒತ್ತಿ ಒತ್ತಿ ಹೊಟ್ಟೆ ಮಾಡುತ್ತದೆ. ಆಗ ಹೊರಗಿನಿಂದ ನೋಡಿದರೆ ಇಡೀ ಗೂಡು ಕುಲುಕಾಡುತ್ತಿರುತ್ತದೆ. ಬಾಗಿಲು ಪಕ್ಕದಲ್ಲಿ, ಮೇಲ್ಭಾಗಕ್ಕೆ. ಅದರ ಮೇಲೆ ಒಂದು ಪುಟ್ಟ ಮಾಡು ಬೇರೆ! ಒಳಗೆ ಹಾಸುವುದಕ್ಕೆ ಬೂರುಗದ ಹತ್ತಿ, ಎಕ್ಕದ ಹತ್ತಿ, ಸಿಕ್ಕಿದ ಮೆತ್ತನೆಯದು. ಕಟ್ಟುವ ಕೆಲಸ ಬಹುಪಾಲು ಹೆಣ್ಣಿನದೇ. ಗಂಡು ಜೊತೆಗೆ ಹಾರುತ್ತದೆ, ತಂತಿಯ ಮೇಲೆ ಕೂತು ಹಾಡುತ್ತದೆ. ನಮ್ಮ ಕಡೆ ಮನೆ ಕಟ್ಟಿಸುವಾಗ ನೆರಳಲ್ಲಿ ನಿಂತು ಸಲಹೆ ಕೊಡುವ ಮಾವಂದಿರು ನೆನಪಾಗುತ್ತಾರೆ. ಆದರೆ ಪೂರ್ತಿ ಬಯ್ಯಬೇಡಿ, ಮರಿಗಳಿಗೆ ಉಣಿಸುವಾಗ ಗಂಡೂ ದುಡಿಯುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ. ಮರಿ ಹಾರುವುದಕ್ಕೆ ಮತ್ತೆ ಎರಡು ವಾರ, ಇಲ್ಲವೇ ಎರಡು ಮೂರು ದಿನ ಹೆಚ್ಚು. ಗೂಡು ಇನ್ನೂ ಮುಗಿದಿಲ್ಲ ಅಂದರೆ ಒಂದೂವರೆ ತಿಂಗಳು ಆ ಮೂಲೆ ಅದರದ್ದು ಅಂತಿಟ್ಟುಕೊಳ್ಳಿ. ಉಳಿದ ಮೂರು ಗೋಡೆಗೆ ಬಣ್ಣ ಬಳಿಸಿ, ಆ ಒಂದನ್ನು ಮರಿ ಹಾರಿದ ಮೇಲೆ ಮಾಡಿಸಿ. ಚಪ್ಪರದ ಕಂಬ ಆ ತುದಿಗೆ ಬಾರದ ಹಾಗೆ ನೋಡಿಕೊಳ್ಳಿ. ಜನ ಓಡಾಡುವುದಕ್ಕೆ ಅದು ಹೆದರುವುದಿಲ್ಲ. ನೀವು ಓಡಾಡುವ ಕಡೆ ಕಾಗೆಯೂ ಕೆಂಬೂತವೂ ಸಲೀಸಾಗಿ ಬರುವುದಿಲ್ಲ, ಮಳೆಯೂ ತಾಗುವುದಿಲ್ಲ. ಏಣಿ ಇಟ್ಟು ಬಾಗಿಲಿಗೆ ಕಣ್ಣಿಡುವವರಿಗೆ ಮಾತ್ರ ಅದು ಹೆದರುತ್ತದೆ. ಉಪನಯನಕ್ಕೆ ಬರುವ ಮಕ್ಕಳಿಗೆ ಮೊದಲೇ ಹೇಳಿಡಿ.

ಕಣ್ಣಿಗೆ ನೇರಳೆ, ಹಸಿರು ಅಂತ ಮಿರಿಮಿರಿ ಮಿಂಚುವ ಹಕ್ಕಿ ನನ್ನ ಫೋಟೋದಲ್ಲಿ ಕಪ್ಪು ಬೊಟ್ಟಾಗಿ ಬರುತ್ತದೆ. ಕ್ಯಾಮೆರಾದ ದೋಷವೇ? ಹೊಸದು ಕೊಳ್ಳಬೇಕೇ?
— ಕಾಲೇಜು ವಿದ್ಯಾರ್ಥಿ, ಕುಂಬಳೆ

ದುಡ್ಡು ಉಳಿಸಿ ಮಗಾ. ದೋಷ ಕ್ಯಾಮೆರಾದ್ದಲ್ಲ, ನೀನು ನಿಂತ ಜಾಗದ್ದು.

ಆ ಮಿಂಚುವ ಬಣ್ಣ ಬಟ್ಟೆಗೆ ಹಾಕಿದ ಬಣ್ಣದ ಥರದ್ದಲ್ಲ. ಗರಿಯೊಳಗೆ ಮೆಲನಿನ್ ಎಂಬ ಕಪ್ಪು ಕಣಗಳು ಬಲು ತೆಳುವಾದ ಪದರಗಳಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಆ ಪದರಗಳಿಂದ ವಾಪಸು ಬರುವಾಗ ಕೆಲವು ಬಣ್ಣ ಮಾತ್ರ ಒಂದಕ್ಕೊಂದು ಸೇರಿ ಎದ್ದು ಕಾಣುತ್ತವೆ. ಕೋನ ತಪ್ಪಿತೋ, ಉಳಿಯುವುದು ಕಪ್ಪು. ಹಕ್ಕಿ ಕತ್ತು ಇಷ್ಟು ತಿರುಗಿಸಿದರೆ ಸಾಕು, ಗಂಟಲು ಕಪ್ಪಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ಹೋಗುತ್ತದೆ.

ಹಾಗಾಗಿ ಸೂರ್ಯ ನಿನ್ನ ಬೆನ್ನ ಹಿಂದಿರಲಿ. ಬೆಳಗ್ಗೆ ಏಳರಿಂದ ಒಂಬತ್ತರ ಬಿಸಿಲು ಒಳ್ಳೆಯದು. ನಡು ಮಧ್ಯಾಹ್ನ ಬೆಳಕು ನೆತ್ತಿಯಿಂದ ಬೀಳುತ್ತದೆ, ಎದೆಯ ಬಣ್ಣ ಸಿಗುವುದಿಲ್ಲ. ಆಕಾಶದ ಎದುರು ಕೂತ ಹಕ್ಕಿಯನ್ನು ತೆಗೆಯಲು ಹೋಗಬೇಡ. ಹಿಂದೆ ಅಡಿಕೆ ತೋಟದ ಕಪ್ಪು ನೆರಳಿದ್ದರೆ ಕ್ಯಾಮೆರಾ ಬೇಡದಷ್ಟು ಬೆಳಕು ಏರಿಸುತ್ತದೆ, ಮಿಂಚುವ ಗರಿ ಬಿಳಿಚಿಕೊಳ್ಳುತ್ತದೆ. ಆಗ ಎಕ್ಸ್‌ಪೋಶರನ್ನು ಅರ್ಧ ಸ್ಟಾಪಿನಷ್ಟು ಇಳಿಸು. ಹಕ್ಕಿ ಒಂದು ಕ್ಷಣ ಸುಮ್ನೆ ಕೂರುವುದಿಲ್ಲ. ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗವಾದರೂ ಇರಲಿ, ರೆಕ್ಕೆಯನ್ನೂ ನಿಲ್ಲಿಸಬೇಕಿದ್ದರೆ ಎರಡು ಸಾವಿರಕ್ಕೆ ಹೋಗು. 300 ಮಿಲಿಮೀಟರ್ ಲೆನ್ಸ್ ಇದ್ದರೆ ಧಾರಾಳ.

ಇನ್ನೊಂದು ಮಾತು. ಹಕ್ಕಿಯ ಹಿಂದೆ ಓಡಬೇಡ, ಹೂವಿನ ಎದುರು ಕೂರು. ಬಾಳೆಯ ಪೂಂಬೆಯಷ್ಟು ಒಳ್ಳೆಯ ಜಾಗ ನಮ್ಮ ಊರಲ್ಲಿ ಬೇರೆ ಇಲ್ಲ. ಒಂದು ಎಸಳು ಎದ್ದು ಅಡಿಯ ಹೂಗಳ ಸಾಲು ಕಂಡರೆ ಸೂರಕ್ಕಿ ಪೂಂಬೆಯನ್ನೇ ಹಿಡಿದು ತಲೆಕೆಳಗಾಗಿ ಜೋತುಬೀಳುತ್ತದೆ. ಹೋಗಿ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಹಾಳೆಯೋ ಮಣೆಯೋ ಹಾಕಿ ಕೂತು, ಫೋಕಸ್ ಹೂವಿಗೆ ಇಟ್ಟುಕೊಂಡಿರು.

ಟೀಚರ್, ನಮ್ಮ ತೋಟದಲ್ಲಿ ಎಷ್ಟು ಜಾತಿ ಸೂರಕ್ಕಿ ಇರಬಹುದು? ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದಂತೂ ಅರ್ಧ ಹಳದಿ, ಗಂಟಲಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ. ಅದು ಗಂಡೋ ಹೆಣ್ಣೋ?
— ಬ್ಯಾಂಕ್ ನೌಕರ, ಮಂಜೇಶ್ವರ

ಕೊನೆಯದಕ್ಕೆ ಮೊದಲು ಉತ್ತರ: ಗಂಡು. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಮಿಂಚುವ ಅಂಗಿ ಕಳಚಿ ಹೆಣ್ಣಿನಂತೆ ಹಳದಿಯಾಗುತ್ತದೆ. ಗುರುತಿಗೆ ಉಳಿಯುವುದು ನಡುವಿನ ಆ ಕಪ್ಪು ಗೆರೆ. ಮುಂದಿನ ಕಾಲಕ್ಕೆ ಮತ್ತೆ ಪೂರ್ತಿ ಕಪ್ಪುನೇರಳೆ.

ಮನೆ ಹತ್ತಿರ ಜಾಸ್ತಿ ಸಿಗುವುದು ಹಳದಿ ಹೊಟ್ಟೆಯದು. ಗಂಡಿಗೆ ನೆತ್ತಿ, ಭುಜ ಹಸಿರು, ಗಂಟಲು ನೇರಳೆ, ಎದೆಗೆ ಕಂದುಗೆಂಪು ಪಟ್ಟಿ, ಸೊಂಟದ ಮೇಲೆ ನೇರಳೆ. ಹೆಣ್ಣಿನ ಗಂಟಲು ಬೂದುಬಿಳಿ, ಎದೆ ಹಳದಿ. ಇದರ ಗಂಡು ವರ್ಷವಿಡೀ ಒಂದೇ ವೇಷದಲ್ಲಿರುತ್ತದೆ.

ಮೂರನೆಯದು ಲೋಟನ್ ಸೂರಕ್ಕಿ. ನೇರಳೆ ಸೂರಕ್ಕಿ ಅಂತಲೇ ಹೆಚ್ಚಿನವರು ತಿಳಿದುಕೊಳ್ಳುತ್ತಾರೆ. ಕೊಕ್ಕು ನೋಡಿ. ಉದ್ದ, ಕುಡುಗೋಲಿನಂತೆ ಬಾಗಿದ್ದು. ಹೊಟ್ಟೆಯೂ ಮಿಂಚುವುದಿಲ್ಲ, ಮಂಕು ಕಂದು. 1752ರಿಂದ 1757ರವರೆಗೆ ಸಿಲೋನಿನಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟನ್ ಎಂಬವನು ಅಲ್ಲಿನ ಪ್ರಾಣಿ ಪಕ್ಷಿಗಳ ಚಿತ್ರ ಬರೆಸುತ್ತಿದ್ದ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಸ್ವೀಡನ್ನಿನ ಲಿನೇಯಸ್ 1766ರಲ್ಲಿ ಈ ಹಕ್ಕಿಗೆ ಅವನ ಹೆಸರಿಟ್ಟ. ಗವರ್ನರಿಕೆ ಹೋದರೂ ಹೆಸರು ನಮ್ಮ ಬಾಳೆತೋಟದಲ್ಲಿ ಉಳಿಯಿತು.

ನಾಲ್ಕನೆಯದಕ್ಕೆ ರಾಣಿಪುರದಂಥ ಕಾಡಿನ ಕಡೆ ಹೋದರೆ ಒಳ್ಳೆಯದು. ಕಿರು ಸೂರಕ್ಕಿ, ಬೆನ್ನು ಕಡುಗೆಂಪು, ಎಂಟು ಸೆಂಟಿಮೀಟರ್ ಅಷ್ಟೇ. ಪಶ್ಚಿಮ ಘಟ್ಟದ ಹೊರಗೆ ಲೋಕದಲ್ಲೆಲ್ಲೂ ಇಲ್ಲ. ಇದರ ಹೆಣ್ಣಿಗೂ ಸೊಂಟದ ಮೇಲೆ ಕೆಂಪು ಇದೆ, ಹಾಗಾಗಿ ಹೆಣ್ಣನ್ನು ಗುರುತು ಹಿಡಿಯುವ ಕಷ್ಟ ಇಲ್ಲಿಲ್ಲ.

ಬೆಳಗ್ಗೆ ಎದ್ದರೆ ನನ್ನ ಬೈಕಿನ ಕನ್ನಡಿಗೆ ಒಂದು ಸೂರಕ್ಕಿ ಕುಟ್ಟುತ್ತಾ ಇರುತ್ತದೆ. ಕನ್ನಡಿ ತುಂಬ ಹಿಕ್ಕೆ.
— ಆಟೋ ಚಾಲಕ, ಉಪ್ಪಳ

ಕನ್ನಡಿಯಲ್ಲಿ ಕಾಣುವುದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಹಕ್ಕಿ ಅಂತ ಅದರ ಲೆಕ್ಕ. ರಾತ್ರಿ ಬೈಕ್ ನಿಲ್ಲಿಸುವಾಗ ಎರಡೂ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿ. ಅದರ ಜಗಳವೂ ಮುಗಿಯಿತು, ನಿಮ್ಮ ಒರೆಸುವ ಕೆಲಸವೂ ಮುಗಿಯಿತು.

ಕಸಿಮಾವಿಗೆ ಬಂದಳಿಕೆ ಹತ್ತಿದೆ. ಕಡಿಯಲು ಹೊರಟರೆ ಮಗಳು, ಅಲ್ಲಿ ಸೂರಕ್ಕಿ ಬರುತ್ತದೆ, ಕಡಿಯಬೇಡ ಅಪ್ಪಾ ಅಂತ ತಡೆಯುತ್ತಾಳೆ. ಏನು ಮಾಡಲಿ?
— ಕೃಷಿಕ, ಮುಳ್ಳೇರಿಯ

ಮಗಳಿಗೆ ಕಣ್ಣಿದೆ. ಬಂದಳಿಕೆಯ ಮೊಗ್ಗನ್ನು ಹತ್ತಿರದಿಂದ ನೋಡಿ. ಬಲಿತ ಮೇಲೂ ಅದು ಮುಚ್ಚಿಕೊಂಡೇ ಇರುತ್ತದೆ. ಸೂರಕ್ಕಿ ಬಂದು ಕೊಕ್ಕಿನಲ್ಲಿ ಹಿಸುಕಿದರೆ ಫಟ್ ಅಂತ ಬಿರಿದು ಹಣೆಗೆ ಪರಾಗ ಎರಚುತ್ತದೆ. ಹಕ್ಕಿ ಅದನ್ನು ಇನ್ನೊಂದು ಹೂವಿಗೆ ಒಯ್ಯುತ್ತದೆ. ದಾಸವಾಳದ ಹತ್ತಿರ ಇದೇ ಹಕ್ಕಿ ಕಳ್ಳ. ಹೂವಿನ ಬುಡಕ್ಕೆ ತೂತು ಹೊಡೆದು ಜೇನು ಹೀರಿ, ಪರಾಗ ಮುಟ್ಟದೆ ಹೋಗುತ್ತದೆ. ಬಂದಳಿಕೆಯ ಹತ್ತಿರ ಆ ಆಟ ನಡೆಯುವುದಿಲ್ಲ.

ಬಂದಳಿಕೆಯನ್ನು ಮರದಿಂದ ಮರಕ್ಕೆ ಹಬ್ಬಿಸುವುದು ಸೂರಕ್ಕಿಯಲ್ಲ, ಬದನಿಕೆ ಹಕ್ಕಿ. ಹಣ್ಣು ತಿಂದ ಮೇಲೆ ಅಂಟುವ ಬೀಜವನ್ನು ಕೊಂಬೆಗೆ ಒರೆಸಿ ಬಿಡುವುದು ಅದು. ಹಾಗಾಗಿ ಬಯ್ಯುವುದಾದರೆ ಅದನ್ನು ಬಯ್ಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಫಲ ಕೊಡುವ ಕಸಿಮಾವಿನದ್ದನ್ನು ಹೂವು ಮುಗಿದ ಮೇಲೆ, ಕಾಯಿ ಹಣ್ಣಾಗುವ ಮೊದಲು ಕೊಂಬೆ ಸಮೇತ ಕಡಿಯಿರಿ. ಬೇಲಿ ಬದಿಯ ಕಾಡುಮಾವಿನದ್ದು ಮಗಳಿಗೆ ಬಿಡಿ.

ಗೂಡಿನಲ್ಲಿ ಮರಿಗೆ ಉಣಿಸುವ ಫೋಟೋ ಬೇಕು. ಎದುರಿಗೆ ಎರಡು ಎಲೆ ಅಡ್ಡ ಇದೆ. ಅಷ್ಟನ್ನು ಮಾತ್ರ ಕತ್ತರಿಸಿ, ಸಂಜೆ ಫ್ಲ್ಯಾಶ್ ಹಾಕಿ ತೆಗೆಯಬಹುದೇ? ಗೆಳೆಯರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿದರೆ ಬೇಗ ಬರುತ್ತದೆ ಅನ್ನುತ್ತಾರೆ.
— ಹವ್ಯಾಸಿ ಛಾಯಾಗ್ರಾಹಕ, ಕಾಞಂಗಾಡ್

ಬೇಡ, ಬೇಡ, ಬೇಡ. ಮೂರಕ್ಕೂ ಒಂದೊಂದು.

ಆ ಎರಡು ಎಲೆ ಸುಮ್ನೆ ಅಡ್ಡ ಬಂದದ್ದಲ್ಲ. ಮಧ್ಯಾಹ್ನದ ಬಿಸಿಲಿಗೆ ಅದು ನೆರಳು, ಕಾಗೆ ಕಣ್ಣಿಗೆ ಅದು ಪರದೆ. ನೀವು ಕತ್ತರಿಸಿ, ಫೋಟೋ ತೆಗೆದು, ಮನೆಗೆ ಹೋಗಿ ಊಟ ಮಾಡುವಷ್ಟರಲ್ಲಿ ಗೂಡು ಖಾಲಿಯಾಗಿರಬಹುದು. ಕೂಗು ಹಾಕಿದರೆ ಗಂಡು ಇನ್ನೊಂದು ಗಂಡು ಬಂತೆಂದು ಹುಳ ಹಿಡಿಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಮರಿಗಳು ಹೂಜೇನಿನಿಂದ ಬೆಳೆಯುವುದಿಲ್ಲ, ಅವಕ್ಕೆ ಜೇಡ, ಹುಳ ಬೇಕು, ಅದೂ ಬೆಳಗಿನಿಂದ ಸಂಜೆವರೆಗೆ. ನೀವು ಗೂಡಿನೆದುರು ಕೂತಷ್ಟು ಹೊತ್ತೂ ತಾಯಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಪಕ್ಕದ ಕೊಂಬೆಯಲ್ಲಿ ಚಡಪಡಿಸುತ್ತಿದ್ದರೆ, ನೀವು ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಹಿಂದೆ ಸರಿಯಿರಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ಕೈ ಹಾಕುವುದೂ ಅದರಲ್ಲಿ ಸೇರಿದೆ. ನನಗೆ ಬರುವ ಗೂಡಿನ ಚಿತ್ರಗಳನ್ನು ಈ ಅಂಕಣಕ್ಕೆ ಕೊಡುವುದಿಲ್ಲ, ಎಷ್ಟು ಚೆಂದ ಇದ್ದರೂ. ಒಂದು ಹಾಕಿದರೆ ಮುಂದಿನ ತಿಂಗಳು ಹತ್ತು ಜನ ಕತ್ತರಿ ಹಿಡಿದು ಹೊರಡುತ್ತಾರೆ. ಉಣಿಸುವ ಚಿತ್ರವೇ ಬೇಕಾದರೆ ಮರಿ ಹಾರುವವರೆಗೆ ಕಾಯಿರಿ. ಹೊರಗೆ ಬಂದ ಮೇಲೂ ಕೆಲವು ದಿನ ಕೊಂಬೆ ಮೇಲೆ ಕೂತು ಬಾಯಿ ತೆರೆಯುತ್ತವೆ, ದೊಡ್ಡವು ಬಂದು ಉಣಿಸುತ್ತವೆ. ದೂರದಿಂದ, ಹಗಲು ಬೆಳಕಲ್ಲಿ ತೆಗೆಯಿರಿ. ಮರಿಯ ಪೂರ್ತಿ ಮೈಯೂ ಸಿಗುತ್ತದೆ. ಗೂಡಿನಲ್ಲಾದರೆ ಕಾಣುವುದು ಬರೀ ಒಂದು ಕೊಕ್ಕು.

ಸಕ್ಕರೆ ನೀರು ತೂಗುಹಾಕಿದರೆ ಸೂರಕ್ಕಿ ಬರುತ್ತದೆಯೇ?
— ವಿದ್ಯಾರ್ಥಿನಿ, ನೀರ್ಚಾಲು

ಇರುವೆ ಗ್ಯಾರಂಟಿ ಬರುತ್ತದೆ. ಅದರ ಬದಲು ಕೇಪಳ, ದಾಸವಾಳ, ರತ್ನಗಂಧಿ ನೆಡು. ಬೇಲಿಗೆ ಹಾಲುವಾಣದ ಗೂಟ ಊರಿದರೆ ಇನ್ನೂ ಒಳ್ಳೆಯದು. ಮೂಲೆಯ ಜೇಡರ ಬಲೆಯನ್ನು ಪೂರ್ತಿ ಗುಡಿಸಬೇಡ. ಅಮ್ಮ ಕೇಳಿದರೆ ಟೀಚರ್ ಹೇಳಿದ್ದು ಅನ್ನು.

ನಮ್ಮ ಕಾಸರಗೋಡು ಜಿಲ್ಲೆಗೆ ತನ್ನದೇ ಹಕ್ಕಿ ಇದೆಯಂತೆ. ಅದು ಸೂರಕ್ಕಿಯೇ?
— ಓದುಗರು, ಸೀತಾಂಗೋಳಿ

ಅಲ್ಲ. 2023ರಲ್ಲಿ ಜಿಲ್ಲೆಗೆ ಅಂತ ಒಂದು ಹಕ್ಕಿ, ಒಂದು ಮರ, ಒಂದು ಹೂವು, ಒಂದು ಆಮೆ ಆರಿಸಿದರು. ಮರ ಕಾಸರಕ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಸಮುದ್ರದ ಬದಿಯ ಎತ್ತರದ ಮರಗಳಲ್ಲಿ ದೊಡ್ಡ ಕಡ್ಡಿಗೂಡು ಕಟ್ಟುತ್ತದೆ. ಹತ್ತು ಗ್ರಾಂ ಆಚೀಚೆ ತೂಗುವ ಸೂರಕ್ಕಿ ಅದರೆದುರು ಓಟಿಗೆ ನಿಂತು ಗೆಲ್ಲುವುದುಂಟೇ?

ಮುಂದಿನ ತಿಂಗಳು ಕಡಲ ಹದ್ದಿನ ಬಗ್ಗೆಯೇ ಕೇಳಿ. ಗೂಡು ಇರುವ ಮರ ಯಾವ ಊರಿನದು ಅಂತ ಮಾತ್ರ ಬರೆಯಬೇಡಿ. ಬರೆದರೂ ನಾನು ಅಚ್ಚಿಗೆ ಕೊಡುವುದಿಲ್ಲ.