ಪ್ಲಿಯೇ ಮಾಡುವಾಗ ಮಂಡಿ ನೋವಾ? ಮೊದಲು ಪಾದ ನೋಡಿ

ಮೇಡಂ, ಆನ್‌ಲೈನ್ ಬಾರ್ ಕ್ಲಾಸ್ (ಸರಳು ಹಿಡಿದು ಮಾಡುವ ಬ್ಯಾಲೆ ಶೈಲಿಯ ವ್ಯಾಯಾಮ) ಶುರು ಮಾಡಿದ ಮೇಲೆ ಮಂಡಿಯ ಒಳಬದಿ ನೋಯುತ್ತಿದೆ, ಒಗ್ಗುವವರೆಗೆ ಹೀಗೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಸದ್ಯಕ್ಕೆ ಪ್ಲಿಯೇ, ಅಂದರೆ ಪಾದ ಹೊರಕ್ಕೆ ತಿರುಗಿಸಿ ಮಂಡಿ ಬಗ್ಗಿಸುವುದು, ನಿಲ್ಲಿಸಿ. "ನಡುಗಿದಷ್ಟೂ ಒಳ್ಳೆಯದು, ಬಿಡಬೇಡಿ" ಅಂತ ಮೇಲಿನ ಕಾಮೆಂಟ್‌ಗಳಲ್ಲಿ ಇಬ್ಬರು ಹುರಿದುಂಬಿಸಿದ್ದಾರೆ. ದಯವಿಟ್ಟು ಹಾಗೆಲ್ಲ ಹೇಳಬೇಡಿ. ತೊಡೆ ನಡುಗಿದರೆ ಸ್ನಾಯು ದಣಿದಿದೆ ಅಂತ ಅರ್ಥ, ಅದು ಸರಿ. ಮಂಡಿ ಚುಚ್ಚಿದರೆ ಅದು ಬೇರೆಯೇ ವಿಷಯ.

ನಿಮ್ಮ ಫೋಟೋ ನೋಡಿದೆ. ಫಸ್ಟ್ ಪೊಸಿಷನ್‌ನಲ್ಲಿ (ಹಿಮ್ಮಡಿ ಜೋಡಿಸಿ, ಪಾದ ಹೊರಕ್ಕೆ ತಿರುಗಿಸಿ ನಿಲ್ಲುವ ಭಂಗಿ) ಎರಡೂ ಪಾದ ಒಂದೇ ಗೆರೆಗೆ ಬಂದಿವೆ, ಮಂಡಿಗಳು ಮಾತ್ರ ಮುಂದಕ್ಕೇ ನೋಡುತ್ತಿವೆ. ನಾನೂ ಇದನ್ನೇ ಮಾಡಿ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಸ್ಥಿತಿಗೆ ಬಂದಿದ್ದೆ. ಪರದೆ ಮೇಲಿನ ಟೀಚರ್ ಪಾದ ನೋಡಿ ನಕಲು ಮಾಡಲು ಹೋಗಬೇಡಿ. ಅವರಲ್ಲಿ ಎಷ್ಟೋ ಜನ ಚಿಕ್ಕಂದಿನಿಂದ ಬ್ಯಾಲೆ ಕಲಿತವರು. ಈ ವ್ಯಾಯಾಮವನ್ನು 1959ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದ ಲಾಟೆ ಬರ್ಕ್ ಕೂಡ ನರ್ತಕಿಯೇ. ನಮ್ಮ ಸೊಂಟದ ಕೀಲು ಅಷ್ಟು ತಿರುಗುವುದಿಲ್ಲ. ಅದು ತಿರುಗದಿದ್ದಾಗ ಪಾದವನ್ನು ಎಳೆದು ತಿರುಗಿಸಿದರೆ ತಿರುಚುವ ಭಾರವೆಲ್ಲ ಮಂಡಿಗೇ ಬೀಳುತ್ತದೆ.

ನನಗೆ ಕೆಲಸ ಮಾಡಿದ್ದು ಚಾಕ್‌ಪೀಸ್. ಬರಿಗಾಲಲ್ಲಿ ಪಾದ ಜೋಡಿಸಿ ನಿಲ್ಲಿ. ಹಿಮ್ಮಡಿ ಮೇಲೆ ಭಾರ ಹಾಕಿ, ಪಾದದ ಮುಂಭಾಗ ಚೂರು ಎತ್ತಿ. ಈಗ ತೊಡೆಯನ್ನೇ ಬುಡದಿಂದ ಹೊರಕ್ಕೆ ತಿರುಗಿಸಿ. ಪಾದ ತಾನಾಗಿ ಎಲ್ಲಿಗೆ ಬಂತೋ ಅಲ್ಲೇ ಇಳಿಸಿ, ಸುತ್ತ ಚಾಕ್‌ನಲ್ಲಿ ಗೆರೆ ಎಳೆಯಿರಿ. ಇಷ್ಟು ಕಡಿಮೆನಾ ಅಂತ ಬೇಜಾರಾಗುತ್ತದೆ. ಆಗಲಿ. ಒಂದಿಂಚು ಮಂಡಿ ಬಗ್ಗಿಸಿ ಕೆಳಗೆ ನೋಡಿ: ಹೆಬ್ಬೆರಳು ಮಂಡಿಯ ಒಳಬದಿಗೆ ಕಾಣಬೇಕು. ಮಂಡಿ ಅದನ್ನು ಮುಚ್ಚಿದರೆ ಟರ್ನ್‌ಔಟ್, ಅಂದರೆ ಪಾದ ಹೊರಕ್ಕೆ ತಿರುಗಿರುವುದು, ಜಾಸ್ತಿಯಾಗಿದೆ, ಗೆರೆ ಒರೆಸಿ ಇನ್ನೂ ಒಳಗೆ ಎಳೆಯಿರಿ. ದಿನಾ ಆ ಗೆರೆಯೊಳಗೇ ನಿಲ್ಲಿ. ಪಲ್ಸ್ (ಬಗ್ಗಿದಲ್ಲೇ ಚೂರುಚೂರು ಮೇಲೆ ಕೆಳಗೆ ಆಡುವುದು) ಶುರುವಾದ ಮೇಲೆ ಪಾದ ಮೆಲ್ಲಗೆ ಜಾರಿ ಹೊರಗೆ ಹೋಗಿರುತ್ತದೆ, ಗೆರೆ ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ. ಭರತನಾಟ್ಯ ಕಲಿತವರಿಗೆ ಇದು ಹೊಸದಲ್ಲ, ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂರುವ ಅರಮಂಡಿಗೆ ಬೈಸಿಕೊಂಡಿರುತ್ತೀರಿ ಅಲ್ವಾ? ಆದರೂ ಚಾಕ್ ಗೆರೆ ಹಾಕಿಯೇ ನೋಡಿ, ಬಿಟ್ಟು ಹತ್ತು ವರ್ಷವಾಗಿದ್ದರೆ ಸೊಂಟ ಹಾಗೇ ಇರುವುದಿಲ್ಲ.

ಇನ್ನು ಫೋಟೋದಲ್ಲಿ ನೀವು ಬಾರ್ ಬದಲು ಹಿಡಿದಿರುವ ಆ ಪ್ಲಾಸ್ಟಿಕ್ ಕುರ್ಚಿ. ಅದು ಹಗುರ, ನೆಲ ನುಣುಪು ಟೈಲ್ಸ್, ನಿಮ್ಮ ಕಾಲಲ್ಲಿ ಸಾಕ್ಸ್. ಕಾಲು ಹಿಂದಕ್ಕೆ ಎತ್ತಿದಾಗ ಕುರ್ಚಿ ಮುಂದಕ್ಕೆ ಹೋದರೆ ಏನು ಗತಿ? ಅಡುಗೆ ಕಟ್ಟೆ ಇದೆಯಲ್ಲ, ಅದಕ್ಕಿಂತ ಗಟ್ಟಿ ಬಾರ್ ಬೇಕಾ! ಒಲೆ ಇರುವ ಕಡೆ ಬೇಡ, ನೀರು ಒರೆಸಿರಬೇಕು. ಸ್ಟುಡಿಯೋ ಬಾರ್‌ಗಿಂತ ಕಟ್ಟೆ ತಗ್ಗು, ಹಾಗಾಗಿ ಬೆನ್ನು ಬಗ್ಗಿಸದೆ ಬೆರಳ ತುದಿ ಮಾತ್ರ ಇಡಿ. ಕಿಟಕಿ ಸರಳೂ ಗಟ್ಟಿಯೇ, ಆದರೆ ಹಿಡಿದು ನೇತಾಡುವ ಚಾಳಿ ಬರುತ್ತದೆ. ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಬರುವ ಮಡಚುವ ಸ್ಟ್ಯಾಂಡ್‌ಗಳಿಗೆ ದುಡ್ಡು ಸುರಿಯಬೇಡಿ.

ಸಾಕ್ಸ್ ಹಾಕಲೇಬೇಕು ಅಂದರೆ ಅಂಗಾಲಿಗೆ ರಬ್ಬರ್ ಚುಕ್ಕೆ ಇರುವಂಥದ್ದು ತಗೊಳ್ಳಿ. ಬರಿಗಾಲು ಇನ್ನೂ ಒಳ್ಳೆಯದು. ದಪ್ಪ ಮ್ಯಾಟ್ ಮೇಲೆ ರೆಲೆವೇ (ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ನಿಲ್ಲುವುದು) ಮಾಡಬೇಡಿ, ಹಿಮ್ಮಡಿ ವಾಲುತ್ತದೆ. ಮ್ಯಾಟ್ ಮಲಗಿ ಮಾಡುವುದಕ್ಕೆ ಮಾತ್ರ. ಡೆಕಾಥ್ಲಾನ್‌ನ 1 ಕೆಜಿ ಡಂಬೆಲ್ ಜೋಡಿ ಸಾಕು, ಅದೂ ಆಮೇಲೆ. ಮೊದಲು ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಮೇಲೆತ್ತಿಕೊಂಡಿರಿ, ಗೊತ್ತಾಗುತ್ತದೆ.

ಟೀಚರ್ "ಟಕ್" (ಬಾಲಮೂಳೆ ಒಳಕ್ಕೆ ಮಡಚಿ) ಅಂದಾಗ ಸೊಂಟವನ್ನು ಜೋರಾಗಿ ಮುಂದಕ್ಕೆ ದೂಡುವವರು ಬಹಳ. ಹೊಟ್ಟೆ ಒಳಗೆಳೆದು, ಬಾಲಮೂಳೆ ನೆಲದ ಕಡೆ ಇಳಿದರೆ ಸಾಕು. ಉಸಿರು ಕಟ್ಟಬೇಡಿ, ಬಿಪಿ ಇರುವವರಂತೂ ಕಟ್ಟಲೇಬಾರದು. ಡಿಸ್ಕ್ ತೊಂದರೆ ಇದ್ದರೆ, ಬಸುರಿ ಆಗಿದ್ದರೆ, ಈಚೆಗೆ ಹೆರಿಗೆ ಆಗಿದ್ದರೆ ವಿಡಿಯೋ ನಂಬಿ ಕೂರಬೇಡಿ, ಡಾಕ್ಟರ್ ಅಥವಾ ಫಿಸಿಯೋ ಹತ್ತಿರ ಕೇಳಿ. ನಿಮ್ಮ ನೋವೂ ಒಂದು ವಾರದಲ್ಲಿ ಇಳಿಯದಿದ್ದರೆ, ಮಂಡಿ ಊದಿದರೆ, ತೋರಿಸಿ.

ಲ್ಯಾಪ್‌ಟಾಪ್ ನೆಲದ ಮೇಲಿಟ್ಟು ಕತ್ತು ಬಗ್ಗಿಸಿ ನೋಡುತ್ತಿದ್ದೀರಿ, ಅದನ್ನೂ ಮೇಲಿಡಿ. ಹಾಂ, ಇದರಿಂದಲೇ ತೂಕ ಇಳಿಯುತ್ತದೆ ಅಂತ ಕೂರಬೇಡಿ. ವಾರಕ್ಕೆ 3 ದಿನ ಬಾರ್, ಉಳಿದ ದಿನ ಬಿರುಸಾದ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಆನ್‌ಲೈನ್ ಕ್ಲಾಸ್‌ನ ಉಚಿತ ಟ್ರಯಲ್‌ಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ, ಮುಗಿಯುವ ಎರಡು ದಿನ ಮುಂಚೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ದುಡ್ಡು ಕತ್ತರಿಸಿಬಿಡಬಹುದು. ಗೆರೆ ಎಳೆದಾದ ಮೇಲೆ ಇನ್ನೊಂದು ಫೋಟೋ ಹಾಕಿ. ಈ ಸಲ ಮುಂದಿನಿಂದ ತೆಗೆಸಿ, ಉದ್ದ ಕುರ್ತಾ ಬೇಡ, ಮಂಡಿ ಸರಿಯಾಗಿ ಕಾಣಬೇಕು.