ಭತ್ತದ ಹೊಟ್ಟಿನ ಸಕ್ರಿಯ ಇಂಗಾಲವನ್ನು ನಿರ್ವಾತ ಪಂಪ್‌ಗೆ ಶುದ್ಧಿ ಮಾಡಲು ಯಾವ ಆಮ್ಲ ಒಳ್ಳೆಯದು?

‘ಯಾವ ಆಮ್ಲ’ ಎಂದು ನಾನೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಅನಿಲವನ್ನು ಇಂಗಾಲಕ್ಕೇ ಹೀರಿಸಿ ನಿರ್ವಾತ ಮಾಡುವ ನನ್ನ ಪಂಪ್ ಕೆಟ್ಟಿದ್ದು ಮಾತ್ರ ಆಮ್ಲದ ಕೆಲಸ ಮುಗಿದ ಮೇಲಿನ ತೊಳೆಯುವಿಕೆಯಲ್ಲಿ.

100 ಗ್ರಾಂ ಇಂಗಾಲದ ಕಾಳಿಗೆ 1 ಲೀಟರ್, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ (36% ಆಮ್ಲ ಸುಮಾರು 85 ಮಿ.ಲೀ.ಯನ್ನು ನೀರಿಗೆ ಸುರಿದು ಲೀಟರಿಗೆ ತುಂಬಿಸಿದ್ದು), ಫ್ಯೂಮ್ ಹುಡ್‌ನಲ್ಲಿ (ವಿಷದ ಆವಿ ಹೊರಗೆಳೆಯುವ ಗೂಡು) 80 ಡಿಗ್ರಿಗೆ 2 ಗಂಟೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಕರಗಲು ಇಷ್ಟು ಸಾಕು. ಆಮೇಲೆ ನೀರು ಸುರಿದೆ, ಬಸಿದೆ, ಮತ್ತೆ ಸುರಿದೆ. ನಾಲ್ಕನೇ ಸಲಕ್ಕೆ ಪಿಹೆಚ್ ಕಾಗದ 7 ತೋರಿಸಿತು, ನಂಬಿಬಿಟ್ಟೆ. ಅದು ಕಾಳುಗಳ ಸಂದಿಯಲ್ಲಿ ಹರಿದ ನೀರಿನ ಪಿಹೆಚ್ ಅಷ್ಟೆ. 2 ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರಗಳಲ್ಲಿ ಕೂತ ಆಮ್ಲ ನಿಧಾನವಾಗಿ ಹೊರಬರುತ್ತದೆ. ಅದೇ ಕಾಳನ್ನು ಬಿಸಿನೀರಲ್ಲಿ ಒಂದು ಗಂಟೆ ನೆನೆಹಾಕಿದ್ದರೆ ಕಾಗದ ಮತ್ತೆ ಕೆಂಪಗಾಗುತ್ತಿತ್ತು. ನಿರ್ವಾತದಲ್ಲಿ ಕಾಯಿಸಿದಾಗ ಉಳಿದಿದ್ದೆಲ್ಲ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಟಿತು. ತೇವದ ಜೊತೆ ತಣ್ಣಗಿನ ಭಾಗದಲ್ಲಿ ಕೂತು ಇಂಗಾಲ ಹಿಡಿದಿಡುವ ಸ್ಟೀಲ್ ಜಾಲರಿಯಲ್ಲಿ ಸೂಜಿಮೊನೆಯಂಥ ತೂತು ಮಾಡಿತು. ತೂತಿನಿಂದ ಕರಿಪುಡಿ ಕವಾಟದ ಸೀಲಿಗೆ ಹೋಯಿತು. ಸೋರಿಕೆ ಹುಡುಕಿದ ಕಷ್ಟ ನನಗೇ ಗೊತ್ತು.

ಹಾಗಾಗಿ ಪ್ರತಿ ಸಲವೂ ಭಟ್ಟಿ ಇಳಿಸಿದ ನೀರು, 80–90 ಡಿಗ್ರಿ, ಕನಿಷ್ಠ ಒಂದು ಗಂಟೆ ನೆನೆ. ಸೋಸಿದ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಮೇಲೊಂದು ಹನಿ ಸಿಲ್ವರ್ ನೈಟ್ರೇಟ್. ಹಾಲಿನಂತೆ ಮಸುಕಾದರೆ ಇನ್ನೂ ತೊಳೆಯಿರಿ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರೈಡ್ ಇರುತ್ತದೆ.

ಇನ್ನು ಹೊಟ್ಟು. ನನ್ನ ಮಾತು ಕೇಳುವುದಾದರೆ ಅದನ್ನೇ ಬಿಡಿ. ಅದರ ತೂಕದ ಐದನೇ ಒಂದರಷ್ಟು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ; ಸುಟ್ಟ ಮೇಲೆ ಆ ಪಾಲು ಇನ್ನೂ ಏರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಸಿಲಿಕಾವನ್ನು ಮುಟ್ಟುವುದಿಲ್ಲ. ಬಿಸಿ ಕಾಸ್ಟಿಕ್ ಸೋಡಾ ಕರಗಿಸುತ್ತದೆ, ಆದರೆ ಸೋಡಿಯಂ ತೆಗೆಯಲು ಮತ್ತೆ ಆಮ್ಲ ಬೇಕು, ಅಷ್ಟರಲ್ಲಿ ಕಾಳು ಪುಡಿಯಾಗಿರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದ ಯೋಚನೆಯೇ ಬೇಡ. ಹಬೆಯಿಂದ ಸಕ್ರಿಯಗೊಳಿಸಿದ ಕರಟದ ಇಂಗಾಲ, 1–3 ಮಿ.ಮೀ. ಕಾಳು ತನ್ನಿ. ವಿಜ್ಞಾನಿ ಜೇಮ್ಸ್ ಡೇವರ್ ದ್ರವಗಾಳಿಯಲ್ಲಿ ತಣಿಸಿ ನಿರ್ವಾತ ಮಾಡಿದ್ದೂ ಕರಟದ ಇದ್ದಿಲಿನಿಂದಲೇ. ಜಿಂಕ್ ಕ್ಲೋರೈಡ್‌ನಿಂದ ಸಕ್ರಿಯಗೊಳಿಸಿದ್ದು ಬೇಡ. ಕಾಯಿಸಿದರೆ ನಿರ್ವಾತದಲ್ಲಿ ಸತುವು ಆವಿಯಾಗಿ ಎಲ್ಲೆಲ್ಲೋ ಕೂರುತ್ತದೆ.

ಒಣಗಿಸಲು 110 ಡಿಗ್ರಿ, ಇಡೀ ರಾತ್ರಿ. ಪಂಪ್‌ಗೆ ತುಂಬಿದ ಮೇಲೆ ನಿರ್ವಾತದಲ್ಲೇ 200–250 ಡಿಗ್ರಿ, ಒತ್ತಡ ಇಳಿಯುವುದು ನಿಲ್ಲುವವರೆಗೆ. ಈ ಶಾಖದಲ್ಲಿ ಗಾಳಿ ಒಳಗೆ ಬಂದರೆ ಇಂಗಾಲ ಹೊತ್ತಿಕೊಳ್ಳಬಹುದು. ಎಣ್ಣೆ ಪಂಪ್ ಜೋಡಿಸಿದ್ದರೆ ನಡುವೆ ಆವಿ ಹಿಡಿಯುವ ಟ್ರ್ಯಾಪ್ ಇರಲಿ. ಎಣ್ಣೆಯ ಆವಿ ರಂಧ್ರ ಹೊಕ್ಕರೆ ಮತ್ತೆ ಬಿಡಿಸುವುದು ಕಷ್ಟ.

ನೀವು ದ್ರವ ಸಾರಜನಕದಲ್ಲಿ ತಣಿಸಿ ಗಾಳಿಯನ್ನೇ ಎಳೆಯುವವರಾದರೆ ಇಂಗಾಲವೇ ತಪ್ಪು ಆಯ್ಕೆ. 77 ಕೆಲ್ವಿನ್‌ನಲ್ಲಿ ಆಮ್ಲಜನಕ ಹೀರಿಕೊಂಡ ಇಂಗಾಲ ಸಿಡಿಯಬಲ್ಲದು. ಅದಕ್ಕೆ 5ಎ ಜಿಯೋಲೈಟ್ (ಅನಿಲ ಹೀರುವ, ಸೂಕ್ಷ್ಮ ರಂಧ್ರಗಳ ಖನಿಜ) ಬಳಸಿ. ಯಾವುದೇ ಆಗಲಿ, ಒತ್ತಡ ಬಿಡುವ ಕವಾಟ ಇಲ್ಲದೆ ಬೆಚ್ಚಗಾಗಲು ಬಿಡಬೇಡಿ. ಹೀರಿದ್ದೆಲ್ಲ ಒಮ್ಮೆಗೇ ಹೊರಬಂದು ಪಾತ್ರೆಯನ್ನೇ ಒಡೆಯುತ್ತದೆ.